ಬೆನ್ನು ಹಾಕಿ ಕೂತವನು

ನಿಯಮ ಇಷ್ಟೇ: ನಾನು ಆಟ ನೋಡುವ ಹಾಗಿಲ್ಲ.
ಅಂಕಣಕ್ಕೆ ಬೆನ್ನು, ದಾಕ್ಷಾಯಿಣಿಗೆ ಮುಖ,
ನಡುವೆ ಇಳಿಜಾರಿನ ರ‍್ಯಾಂಪು.
ಬಾಯಿ ಬಿಡುವಂತಿಲ್ಲ. ತಿರುಗಿದರೆ ದಂಡ.

ಹಾಸನ ಡಿಪೋದಲ್ಲಿ ಮೂವತ್ತೊಂದು ವರ್ಷ
ಕೂಗಿ ಕೂಗಿ ಬದುಕಿದವನು ನಾನು —
ದುದ್ದ, ಬಾಗೇಶಪುರ, ಅರಸೀಕೆರೆ ಯಾರ್ರೀ,
ಒಳಗ್ ಬನ್ನಿ, ಇನ್ನೂ ಒಳಗ್ ಬನ್ನಿ, ಚಿಲ್ರೆ ಕೊಡಿ.
ಆಗಲೂ ರಸ್ತೆಗೆ ಬೆನ್ನು ಹಾಕಿಯೇ ನಿಂತಿದ್ದೆ.
ಮುಂದೇನಿದೆ ಅನ್ನುವುದು ಡ್ರೈವರನ ಪಾಲು,
ನನ್ನ ಪಾಲಿಗೆ ಮುಖಗಳು.

ಮೊದಲು ಆಲೂಗಡ್ಡೆಯಲ್ಲಿ ಕಲಿತೆವು.
ಎಪಿಎಂಸಿ ಯಾರ್ಡಿನ ಖಾಲಿ ಗೋದಾಮು,
ಬಿತ್ತನೆಯ ಲಾರಿ ಬರಲು ಇನ್ನೂ ಒಂದು ತಿಂಗಳು.
ಕುಂಕುಮ ಮೆತ್ತಿದ್ದು ಆರು,
ಬಟ್ಟೆಯ ನೀಲಿಯಲ್ಲಿ ಅದ್ದಿದ್ದು ಆರು,
ಸಿಪ್ಪೆ ಹೆರೆದ ಬೆಳ್ಳನೆಯದೊಂದು — ಅದೇ ಜ್ಯಾಕ್,
ಎಲ್ಲರೂ ಹತ್ತಿರ ಸೇರಬೇಕಾದ ದೊರೆ.
ಮಧ್ಯಾಹ್ನಕ್ಕೆ ದೊರೆ ಕಂದುತ್ತಿದ್ದ.

ಪ್ಲಂಬರ್ ಇಲಿಯಾಸ್ ನಾಲ್ಕಿಂಚಿನ ಪೈಪು ಸೀಳಿ
ರ‍್ಯಾಂಪು ಮಾಡಿಕೊಟ್ಟ. ದುಡ್ಡು ಕೇಳಲಿಲ್ಲ;
ಆಡಿ ನೋಡ್ತೀನಿ ಅಂತ ಒಂದು ಗಂಟೆ ನಮಗೆ ಬಿಡಲೂ ಇಲ್ಲ.

ಆಲೂಗಡ್ಡೆ ನೇರ ಉರುಳುವುದಿಲ್ಲ.
ಅದರ ಡೊಂಕನ್ನೇ ಲೆಕ್ಕಕ್ಕೆ ಹಿಡಿದು
ಎಡಕ್ಕೆ ಬಿಟ್ಟು ಬಲಕ್ಕೆ ತರುವುದನ್ನು ಕಲಿತಳು.
ಆಮೇಲೆ ನಿಜವಾದ ತೊಗಲಿನ ಚೆಂಡು ಬಂದಾಗ
"ಇದು ತೀರಾ ಸಾಧು" ಅಂದಳು.
ಆ ಮೂರು ಪದಕ್ಕೆ ಎರಡು ನಿಮಿಷ.

ಆಟದಲ್ಲಿ ಅಷ್ಟು ಹೊತ್ತು ಎಲ್ಲಿ? ಕಣ್ಣೇ ಮಾತು.
ಎಡಕ್ಕೆ ಅಂದರೆ ಎಡಕ್ಕೆ. ಮೇಲಕ್ಕೆ ಅಂದರೆ ಎತ್ತರಿಸು.
ರೆಪ್ಪೆ ಎರಡು ಸಲ: ನೀಲಿಗೆ ಗುದ್ದು.
ಮೂಗು ಸುಕ್ಕಾದರೆ: ನಿನಗೆ ಬುದ್ಧಿಯಿಲ್ಲ.
ಅವಳ ಕಣ್ಣಾಲಿಯಲ್ಲೇ ಆಟ ಕಾಣುತ್ತದಂತೆ ಹೌದಾ,
ಯಾರೋ ಕೇಳಿದ್ದರು. ಸುಳ್ಳು.
ಅಲ್ಲಿರುವುದು ಟ್ಯೂಬ್‌ಲೈಟು ಮತ್ತು ನನ್ನ ಬೋಳುತಲೆ.

ಯಾವುದೋ ವರ್ಷ, ಕೌಶಿಕದ ಗೇಟಿನಲ್ಲಿ
ದೊಡ್ಡ ಮಗುವನ್ನು ಕಂಕುಳಲ್ಲಿ ಹೊತ್ತ ಹೆಂಗಸು
ಕೈ ಅಡ್ಡ ಹಿಡಿದಳು.
ಮಗುವಿನ ಕಾಲು ಅವಳ ಮೊಣಕಾಲು ದಾಟಿ ಜೋತಿತ್ತು.
ಲೇಟಾಗಿತ್ತು. ಎರಡು ಸಲ ಬೆಲ್ ಎಳೆದೆ. ರೈಟ್.
ಆ ಮಗು ಇವಳಲ್ಲ. ಇವಳು ಪೆನ್ಷನ್ ಮೊಹಲ್ಲಾದವಳು,
ಅವಳಮ್ಮನನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.
ಖಾತ್ರಿಯಾದ ಮೇಲೂ ಏನೂ ಹಗುರಾಗಲಿಲ್ಲ.

ಇವತ್ತು ನಾಲ್ಕನೇ ಸುತ್ತು, ಸರಿಸಮ.
ಎದುರಾಳಿ ಚಿಕ್ಕಮಗಳೂರಿನ ರೋಷನ್ ಪಿಂಟೊ.
ಬೆನ್ನ ಹಿಂದೆ ಅವನ ಚೆಂಡು
ತೊಗಲಿಗೆ ತೊಗಲು ತಾಗಿದ ಸದ್ದು,
ಪರಂಗಿ ಹಣ್ಣು ಹುಲ್ಲಿಗೆ ಬಿದ್ದ ಹಾಗೆ. ಜನ ಉಸಿರೆಳೆದರು.
ಒಳ್ಳೆಯದೋ ಕೆಟ್ಟದ್ದೋ — ಅವಳ ಮುಖ ಓದಿದೆ.
ಕೆಟ್ಟದ್ದು.

ಉಳಿದಿರುವುದು ಒಂದೇ ಕೆಂಪು. ಇಪ್ಪತ್ತೆಂಟು ಸೆಕೆಂಡು.
ಎಡಕ್ಕೆ. ಇನ್ನೂ. ಸಾಕು. ಕೂದಲೆಳೆ ಬಲಕ್ಕೆ.
ಹಣೆಗೆ ಕಟ್ಟಿದ ಕಡ್ಡಿಯ ತುದಿಯಲ್ಲಿ
ಚೆಂಡನ್ನು ತಡೆದಿದ್ದಾಳೆ.
ಕುತ್ತಿಗೆ ಅವಳ ಮಾತು ಕೇಳುವುದಿಲ್ಲ, ಅದಕ್ಕೆ ಅದರದೇ ಹಟ;
ಹಟ ಇಳಿಯುವವರೆಗೆ ಕಾಯುತ್ತಾಳೆ,
ಗಾಳಿ ನಿಲ್ಲಲೆಂದು ಬೆಂಕಿಕಡ್ಡಿ ಹಿಡಿದು ನಿಂತವರ ಹಾಗೆ.
ಹನ್ನೊಂದು. ಹತ್ತು.
ಬಿಟ್ಟಳು.
ರೈಟ್ ಅನ್ನುವ ಮಾತು ಗಂಟಲವರೆಗೆ ಬಂತು, ನುಂಗಿದೆ.

ಉರುಳುವ ಸದ್ದು. ಆಮೇಲೆ ನಿಂತ ಸದ್ದು —
ನಿಲ್ಲುವುದಕ್ಕೂ ಒಂದು ಸದ್ದಿದೆ, ಬಸ್ಸಿನವರಿಗೆ ಗೊತ್ತು.
ರೆಫರಿ ಮಂಡಿಯೂರಿದ್ದು ಕೇಳಿಸಿತು,
ಟೇಪು ಸರ್ರೆಂದು ಬಿಚ್ಚಿಕೊಂಡದ್ದು.
ಅವಳ ಮುಖ ಈಗ ಗೋಡೆ. ಬೇಕೆಂದೇ.

ಸುತ್ತು ಮುಗಿಯಿತು ಎಂದಾಗ ತಿರುಗಿದೆ.
ಬಿಳಿಯ ಪಕ್ಕ ನೀಲಿ. ಕೆಂಪು
ಒಂದು ಟಿಕೆಟಿನಷ್ಟು ಹಿಂದೆ — ಮೆಷೀನಿನದಲ್ಲ,
ಹಳೆಯ ಪುಸ್ತಕದಿಂದ ಹರಿದುಕೊಡುತ್ತಿದ್ದ ತೆಳು ಕಾಗದದ್ದು.

ಆಪೆ ಆಟೋದಲ್ಲಿ ರ‍್ಯಾಂಪನ್ನು ತೊಡೆಯ ಮೇಲಿಟ್ಟುಕೊಂಡು
ಸಮಾಧಾನದ ಮಾತು ಜೋಡಿಸುತ್ತಾ ಕೂತೆ.
ಸಾಲಗಾಮೆ ರಸ್ತೆಯ ತಿರುವಿನಲ್ಲಿ ಅವಳು ಶುರು ಮಾಡಿದಳು,
ಮಹಾರಾಜ ಪಾರ್ಕು ದಾಟುವಾಗ ಮುಗಿಸಿದಳು:
"ಕೊನೇ ಚೆಂಡಿಗೆ ನಿನ್ ಕೈ ನಡುಗ್ತು."
ನಡುಗಿತು, ತಾಯಿ.
ಮತ್ತೆ ಬಾಯಿ ಕೂಡಿಸಿದಳು. ಮನೆ ಬಂತು, ಆಟೋ ನಿಂತಿತು,
ಡ್ರೈವರು ಮೀಟರು ನೋಡಿದ, ನಾನು ಕಾದೆ.
"ನಾಳೆ ಆರಕ್ಕೇ ಬಾ.
ಬರ್ತಾ ಆಲೂಗಡ್ಡೆ ತಾ."